ಪಿಸಿವಿ ವಾಲ್ವ್: 1,40,000 ಕಿ.ಮೀ. ಬಳಕೆಯ ನಂತರ

ನನ್ನ ಪೆಟ್ರೋಲ್ ಕಾರಿಗೆ ಈಗ 9 ವರ್ಷ. ಈಗ ಇರುವುದು ಮೂರನೇ ಪಿಸಿವಿ (ಪಾಸಿಟಿವ್ ಕ್ರ್ಯಾಂಕ್‌ಕೇಸ್ ವೆಂಟಿಲೇಷನ್) ವಾಲ್ವ್. ಹೆಬ್ಬೆರಳಿನಷ್ಟು ಸಾಮಾನು, ಆದರೆ ಕೆಟ್ಟರೆ ಇಡೀ ಎಂಜಿನ್ನಿಗೆ ಕಷ್ಟ.

ಪಿಸ್ಟನ್ ರಿಂಗ್‌ಗಳ ಸಂದಿಯಿಂದ ಸ್ವಲ್ಪ ಗ್ಯಾಸ್ ಕ್ರ್ಯಾಂಕ್‌ಕೇಸ್‌ಗೆ (ಎಂಜಿನ್ನಿನ ಕೆಳಗಿನ ಕೋಣೆಗೆ) ಇಳಿಯುತ್ತಲೇ ಇರುತ್ತದೆ. ಅದನ್ನು ಎಂಜಿನ್ ಮತ್ತೆ ಎಳೆದುಕೊಂಡು ಸುಡಲು ದಾರಿ ಈ ವಾಲ್ವ್. ಐಡ್ಲಿಂಗ್‌ನಲ್ಲಿ (ಗಾಡಿ ನಿಂತು ಎಂಜಿನ್ ಸುಮ್ಮನೆ ಓಡುವಾಗ) ಎಂಜಿನ್ನಿನ ಎಳೆತ ಜೋರು, ಆಗ ದಾರಿ ಕಿರಿದಾಗುತ್ತದೆ. ಗಾಡಿ ಓಡುವಾಗ ಎಳೆತ ಕಡಿಮೆಯಾಗಿ, ಸ್ಪ್ರಿಂಗ್ ತಳ್ಳಿ ದಾರಿ ಅಗಲವಾಗುತ್ತದೆ.

ಕಂಪನಿಯಿಂದ ಬಂದಿದ್ದ ವಾಲ್ವ್ 65,000 ಕಿ.ಮೀ. ಹೊತ್ತಿಗೆ ಕಟ್ಟಿಕೊಂಡಿತು. ಮೊದಲು ಕಂಡದ್ದು ವಾಲ್ವ್ ಕವರ್ (ಎಂಜಿನ್ನಿನ ಮೇಲಿನ ಮುಚ್ಚಳ) ಅಂಚಿನಲ್ಲಿ ಆಯಿಲ್ ಜಿನುಗು. ಗ್ಯಾಸ್ಕೆಟ್ ಬದಲಿಸಿದೆ. ಎರಡು ತಿಂಗಳಲ್ಲಿ ಮತ್ತೆ ಅದೇ ಜಿನುಗು! ಏರ್ ಫಿಲ್ಟರ್ ಡಬ್ಬಿ ತೆರೆದರೆ ಅಲ್ಲೂ ಆಯಿಲ್ ಪಸೆ. ಒಳಗಿನ ಒತ್ತಡಕ್ಕೆ ದಾರಿ ಸಿಗದೆ ಹಿಂದಕ್ಕೆ ನುಗ್ಗಿತ್ತು. ಐಡ್ಲಿಂಗ್‌ನಲ್ಲಿ ಆಯಿಲ್ ಮುಚ್ಚಳ ತೆಗೆದು ಬಾಯಿಯ ಮೇಲೆ ಒಂದು ಕಾಗದ ಇಟ್ಟೆ. ಮೆಲ್ಲಗೆ ಒಳಗೆ ಎಳೆದುಕೊಳ್ಳಬೇಕಿತ್ತು, ಅದು ಹಾರಿ ಹೋಯಿತು.

ಎರಡನೆಯದು ಬೇರೆ ಕಂಪನಿಯದು. ತೂತಿಗೆ ಸರಿಯಾಗಿ ಕೂತಿತು, ಅಲ್ಲಾಡಿಸಿದರೆ ಟಕಟಕ ಸದ್ದೂ ಬಂತು. ಸದ್ದು ಬಂದರೆ ವಾಲ್ವ್ ಚೆನ್ನಾಗಿದೆ ಅಂತ ಎಲ್ಲರೂ ಹೇಳುತ್ತಾರೆ ಅಲ್ವಾ? ಅದನ್ನು ನಂಬಿ ನಾನು ಒಂದು ವರ್ಷ ಕಳೆದುಕೊಂಡೆ. ಸದ್ದು ಬಂದರೆ ಒಳಗಿನ ಪ್ಲಂಜರ್ (ದಾರಿಯನ್ನು ಕಿರಿದು, ಅಗಲ ಮಾಡುವ ಕಡ್ಡಿ) ಅಂಟಿಕೊಂಡಿಲ್ಲ ಅಂತ ಅಷ್ಟೇ ಅರ್ಥ. ಸ್ಪ್ರಿಂಗ್ ಬಿಗಿ ಸರಿಯಿದೆಯೋ ಇಲ್ಲವೋ ಅದರಿಂದ ತಿಳಿಯುವುದಿಲ್ಲ. ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ನಡುಗುತ್ತಿತ್ತು, ಆಯಿಲ್ ಜಾಸ್ತಿ ಕುಡಿಯುತ್ತಿತ್ತು. ಕೊನೆಗೆ ಚೆಕ್ ಎಂಜಿನ್ ದೀಪ ಹೊತ್ತಿತು. ಕೋಡ್ ಪಿ0171, ಅಂದರೆ ಪೆಟ್ರೋಲಿಗೆ ಹೋಲಿಸಿದರೆ ಗಾಳಿ ಹೆಚ್ಚು. ವಾಲ್ವ್‌ನ ಹೋಸನ್ನು ಇಕ್ಕಳದಲ್ಲಿ ಮೆಲ್ಲಗೆ ಒತ್ತಿ ಹಿಡಿದೆ, ನಡುಕ ನಿಂತಿತು. ವಾಲ್ವ್ ಬೇಕಾದ್ದಕ್ಕಿಂತ ಜಾಸ್ತಿ ಗಾಳಿ ಬಿಡುತ್ತಿತ್ತು.

ಮೂರನೆಯದನ್ನು ಪಾರ್ಟ್ ನಂಬರ್ ನೋಡಿಯೇ ತಂದೆ. ಹೋಸ್, ರಬ್ಬರ್ ಬುಷ್ ಕೂಡ ಹೊಸದು. ಹಳೇ ಹೋಸ್ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು, ಅದನ್ನೇ ಬಿಟ್ಟಿದ್ದರೆ ಹೊಸ ವಾಲ್ವ್ ಹಾಕಿಯೂ ವ್ಯರ್ಥ. ನಾಲ್ಕು ವರ್ಷ ಆಯಿತು, ಕವರ್ ಒಣಗಿಯೇ ಇದೆ. ಈಗ ಒಂದು ಬಿಟ್ಟು ಒಂದು ಆಯಿಲ್ ಚೇಂಜಿಗೆ ಕಾಗದದ ಪರೀಕ್ಷೆ ಮಾಡುತ್ತೇನೆ. ಏರ್ ಫಿಲ್ಟರ್ ಡಬ್ಬಿಯನ್ನೂ ನೋಡುತ್ತೇನೆ.

ಎಷ್ಟೋ ಹೊಸ ಎಂಜಿನ್‌ಗಳಲ್ಲಿ ವಾಲ್ವ್ ಬೇರೆ ಇರುವುದಿಲ್ಲ, ಕವರ್ ಒಳಗೇ ರಬ್ಬರ್ ಡಯಾಫ್ರಮ್ (ತೆಳು ಪೊರೆ) ಇರುತ್ತದೆ. ಅದು ಹರಿದರೆ ಸಿಳ್ಳೆಯಂಥ ಸದ್ದು ಬರುತ್ತದೆ, ಐಡ್ಲಿಂಗ್‌ನಲ್ಲಿ ಆಯಿಲ್ ಮುಚ್ಚಳ ಎಳೆದರೂ ಸುಲಭಕ್ಕೆ ಬರುವುದಿಲ್ಲ. ಅಂಥ ಕಡೆ ಹೆಚ್ಚಾಗಿ ಕವರನ್ನೇ ಬದಲಿಸಬೇಕಾಗುತ್ತದೆ.

ಸರಿಯಾದ ಹೊಸ ವಾಲ್ವ್ ಹಾಕಿದ ಮೇಲೂ ಕಾಗದ ಹಾರಿದರೆ ಮತ್ತೊಂದು ವಾಲ್ವ್ ತರಬೇಡಿ. ರಿಂಗ್ ಸವೆದಿರಬಹುದು, ಕಂಪ್ರೆಷನ್ ಟೆಸ್ಟ್ (ಸಿಲಿಂಡರ್ ಒಳಗಿನ ಒತ್ತಡದ ಅಳತೆ) ಮಾಡಿಸಿ.