ಸಾವಿಗೆ ಕುಮ್ಮಕ್ಕು ಕೊಡುವವರ ಮೇಲೆ ದೂರು: ಈ ಸೌಲಭ್ಯ ಅರ್ಧ ಮಾತ್ರ ಸರಿಯಿದೆ

ಯಾರಾದರೂ ಆತ್ಮಹತ್ಯೆಯ ಮಾತನಾಡಿದರೆ ಅದನ್ನು ಸಂಸ್ಥೆಯ ಗಮನಕ್ಕೆ ತರುವ ಸೌಲಭ್ಯ ಈಗ ದೊಡ್ಡ ಸಾಮಾಜಿಕ ಜಾಲತಾಣಗಳಲ್ಲಿದೆ. ಬದುಕು ಸಾಕಾಗಿದೆ ಎಂದು ಬರೆದುಕೊಂಡಿದ್ದ ಪರಿಚಿತರೊಬ್ಬರಿಗೆ, ಇನ್ನೂ ಏಕೆ ತಡ ಮಾಡುತ್ತಿದ್ದೀರಿ ಎಂಬರ್ಥದ ಸಂದೇಶಗಳು ಅಪರಿಚಿತ ಖಾತೆಯೊಂದರಿಂದ ಮೇಲಿಂದ ಮೇಲೆ ಬರುತ್ತಿದ್ದಾಗ ಅಂಥದ್ದೊಂದು ಜಾಲತಾಣದ ದೂರು ವ್ಯವಸ್ಥೆಯನ್ನು ನಾನು ಬಳಸಬೇಕಾಯಿತು. ನೊಂದವರಿಗೆ ನೆರವು ತಲುಪಿಸುವಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಕುಮ್ಮಕ್ಕು ಕೊಡುವವರ ವಿಷಯದಲ್ಲಿ ಮಾತ್ರ ಪೂರ್ತಿ ಸೋಲುತ್ತದೆ.

ಪರಿಚಿತರ ಪೋಸ್ಟ್ ಬಗ್ಗೆ ತಿಳಿಸಿದ ಕೂಡಲೇ ಅವರ ಪರದೆಯ ಮೇಲೆ ಸಹಾಯವಾಣಿಯ ಸಂಖ್ಯೆಯೂ ಆಪ್ತರೊಬ್ಬರೊಡನೆ ಮಾತನಾಡಿ ಎಂಬ ಸಲಹೆಯೂ ಕಾಣಿಸಿಕೊಂಡವು. ಅವರು ಕರೆ ಮಾಡಿದರು, ಈಗ ಚಿಕಿತ್ಸೆಯಲ್ಲಿದ್ದು ಚೇತರಿಸಿಕೊಳ್ಳುತ್ತಿದ್ದಾರೆ. ಇಷ್ಟಕ್ಕೆ ಈ ಸೌಲಭ್ಯಕ್ಕೆ ನಾನು ಕೃತಜ್ಞ.

ಅಪರಿಚಿತ ಖಾತೆಯ ಸಂದೇಶದ ಪಕ್ಕದ ಮೂರು ಚುಕ್ಕಿಗಳನ್ನು ಒತ್ತಿದಾಗ ಕಾರಣಗಳ ಪಟ್ಟಿ ತೆರೆಯಿತು. 'ಆತ್ಮಹತ್ಯೆ ಅಥವಾ ಸ್ವಯಂ ಹಾನಿ' ಎಂಬುದನ್ನು ಆರಿಸಿದರೆ, ಈ ವ್ಯಕ್ತಿಗೆ ನೆರವಿನ ಮಾಹಿತಿ ಕಳುಹಿಸುತ್ತೇವೆ ಎಂಬ ಉತ್ತರ ಬಂತು. ಅಂದರೆ ಸಾಯಲು ಹೇಳುತ್ತಿದ್ದವರನ್ನೇ ವ್ಯವಸ್ಥೆ ನೊಂದವರೆಂದು ಭಾವಿಸಿತ್ತು. 'ಕಿರುಕುಳ' ಎಂಬುದನ್ನು ಆರಿಸಿ ಮತ್ತೆ ದೂರು ಕೊಟ್ಟರೆ, ನಿಯಮಗಳ ಉಲ್ಲಂಘನೆ ಕಂಡುಬಂದಿಲ್ಲ ಎಂಬ ಸಿದ್ಧ ಉತ್ತರ. ಆ ಸಂದೇಶಗಳಲ್ಲಿ ಬೈಗುಳವೇನೂ ಇರಲಿಲ್ಲ ಎಂಬುದು ನಿಜ. ಆದರೆ ಇಂಥ ಪ್ರಚೋದನೆ ಬಹಳ ಸಲ ಬರುವುದೇ ಸಹಾನುಭೂತಿಯ ದನಿಯಲ್ಲಿ. ಆತ್ಮಹತ್ಯೆಗೆ ನೆರವಾದ ಪ್ರಕರಣದಲ್ಲಿ ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ಶಿಕ್ಷೆಗೆ ಗುರಿಯಾದ ಮಾಜಿ ನರ್ಸ್ ಒಬ್ಬ, ತಾನೂ ಬದುಕಿನಲ್ಲಿ ಸೋತ ಯುವತಿಯೆಂದು ನಂಬಿಸಿಯೇ ಅಂತರ್ಜಾಲದಲ್ಲಿ ಜನರ ವಿಶ್ವಾಸ ಗಳಿಸಿದ್ದ.

ಅದೇ ಪ್ರಕರಣದಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ 2014ರಲ್ಲಿ, ಆತ್ಮಹತ್ಯೆಗೆ ಸಲಹೆ ಅಥವಾ ಉತ್ತೇಜನ ನೀಡುವುದನ್ನು ನಿಷೇಧಿಸುವುದು ವಾಕ್ ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ಹೇಳಿ, ನೆರವು ನೀಡುವುದನ್ನಷ್ಟೇ ಅಪರಾಧವಾಗಿ ಉಳಿಸಿಕೊಂಡಿತು. ಇಂಗ್ಲೆಂಡ್ ಮತ್ತು ವೇಲ್ಸ್ ಇದಕ್ಕೆ ತದ್ವಿರುದ್ಧ ದಾರಿ ಹಿಡಿದಿವೆ. ಅಲ್ಲಿನ 1961ರ ಆತ್ಮಹತ್ಯಾ ಕಾಯ್ದೆಗೆ 2009ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ಪ್ರಚೋದಿಸಬಲ್ಲ ಕೃತ್ಯವನ್ನು ಆ ಉದ್ದೇಶದಿಂದ ಮಾಡಿದ್ದರೆ ಸಾಕು, ಆತ್ಮಹತ್ಯೆ ನಡೆಯದಿದ್ದರೂ, ಎದುರಿನ ವ್ಯಕ್ತಿ ಯಾರೆಂದು ತಿಳಿಯದಿದ್ದರೂ 14 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 108ರಡಿ ಪ್ರಚೋದನೆಗೆ 10 ವರ್ಷಗಳವರೆಗೆ ಶಿಕ್ಷೆಯಿದೆ, ಆದರೆ ಆ ಸೆಕ್ಷನ್ ಆರಂಭವಾಗುವುದೇ ಆತ್ಮಹತ್ಯೆ ನಡೆದಿದ್ದರೆ ಎಂಬ ಷರತ್ತಿನಿಂದ. ಬದುಕುಳಿದವರ ಪಾಲಿಗೆ ಇಂಗ್ಲೆಂಡಿನ ಕಾನೂನೇ ಹೆಚ್ಚು ನ್ಯಾಯಯುತ ಎಂಬುದು ನನ್ನ ದೃಢ ಅಭಿಪ್ರಾಯ.

ಯಾವ ದೇಶದ ಕಾನೂನಾದರೂ ಕೊನೆಗೆ ಕೇಳುವುದು, ಆ ವ್ಯಕ್ತಿ ಏನು ಬರೆದ, ಯಾವ ಉದ್ದೇಶದಿಂದ ಬರೆದ ಎಂಬುದನ್ನೇ. ಹಾಗಾಗಿ ಈ ವ್ಯವಸ್ಥೆಯ ಅತಿ ದೊಡ್ಡ ಕೊರತೆ ಸಾಕ್ಷ್ಯಕ್ಕೆ ಸಂಬಂಧಿಸಿದ್ದು. ಕಳುಹಿಸಿದವರು ತಮ್ಮ ಸಂದೇಶವನ್ನು ಅಳಿಸಿದರೆ ಪಡೆದವರ ಕಡೆಯಲ್ಲೂ ಅದು ಮಾಯವಾಗುತ್ತದೆ. ತನಿಖೆಗಾಗಿ ಇದನ್ನು ಕಾಯ್ದಿಡಿ ಎಂದು ಕೋರಲು ದೂರಿನ ನಮೂನೆಯಲ್ಲಿ ಜಾಗವೇ ಇಲ್ಲ. ಸಂಸ್ಥೆಯೇ ತೆಗೆದುಹಾಕಿದ ಕಾನೂನುಬಾಹಿರ ಮಾಹಿತಿಯನ್ನು 180 ದಿನ ಕಾಯ್ದಿಡಬೇಕೆಂದು ಭಾರತದ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಹೇಳುತ್ತವೆ. ಉಲ್ಲಂಘನೆಯೇ ಇಲ್ಲವೆಂದು ದೂರನ್ನು ಮುಚ್ಚಿಬಿಟ್ಟರೆ ಆ ಹೊಣೆಯ ಪ್ರಶ್ನೆಯೇ ಬರುವುದಿಲ್ಲ.

ಕಾರಣಗಳ ಪಟ್ಟಿಯಲ್ಲಿ 'ಆತ್ಮಹತ್ಯೆಗೆ ಪ್ರಚೋದನೆ' ಎಂಬ ಪ್ರತ್ಯೇಕ ಆಯ್ಕೆ ಬರಬೇಕು, ಅಂಥ ದೂರನ್ನು ಯಂತ್ರಕ್ಕೆ ಬಿಡದೆ ಮನುಷ್ಯರೇ ಓದಬೇಕು. ಅಲ್ಲಿಯವರೆಗೆ ಇದನ್ನು ಬಳಸುವವರು ಮೊದಲು ಖಾತೆಯ ವಿಳಾಸ, ದಿನಾಂಕ ಮತ್ತು ಸಮಯ ಕಾಣುವಂತೆ ಇಡೀ ಸಂಭಾಷಣೆಯ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು, ಆಮೇಲೆಯೇ ದೂರು ಸಲ್ಲಿಸಿ ಖಾತೆಯನ್ನು ಬ್ಲಾಕ್ ಮಾಡುವುದು ಕ್ಷೇಮ. ಪೊಲೀಸರು ಮೊದಲು ಕೇಳುವುದು ಅದನ್ನೇ.