ಇಂಗ್ಲಿಷ್ ಪದ ಕಲಿಯಲು ಆ್ಯಪ್, ಮೂಲಪದ, ಕಾರ್ಡ್: ನನ್ನ ಕೈ ಹಿಡಿದದ್ದು ಕಾರ್ಡ್

ವರ್ಷದ ಚಂದಾ ಕಟ್ಟಿ ಒಂದು ಆ್ಯಪ್ ಬಳಸಿದೆ. ಲ್ಯಾಟಿನ್, ಗ್ರೀಕ್ ಮೂಲಗಳ ಪಟ್ಟಿ ಹಿಡಿದು ಕೂತೆ. ಕೊನೆಗೆ ಮುಂದೆ ಪ್ರಶ್ನೆ, ಹಿಂದೆ ಉತ್ತರ ಇರುವ ಕಾರ್ಡ್‌ಗಳನ್ನು ನಾನೇ ಬರೆದುಕೊಂಡೆ. ಈಗ ಉಳಿದಿರುವುದು ಕಾರ್ಡ್ ಮಾತ್ರ.

ಆ್ಯಪ್ ಚೆನ್ನಾಗಿಯೇ ಇತ್ತು. ದಿನಕ್ಕೆ 10 ಪದ, ನಾಲ್ಕು ಉತ್ತರಗಳಲ್ಲಿ ಒಂದನ್ನು ಒತ್ತಬೇಕು. ತೊಂದರೆ ಒಂದೇ: ಪ್ರತಿ ಪದಕ್ಕೂ ಒಂದೇ ಪದದ ಅರ್ಥ. 'ಕಾಂಪ್ಲೇಸೆಂಟ್' ಅಂದರೆ 'ಸ್ಯಾಟಿಸ್‌ಫೈಡ್' ಎಂದು ತೋರಿಸಿತು. ನಾನೂ ನಂಬಿದೆ. ಜೊತೆಯಲ್ಲಿ ಕೆಲಸ ಮಾಡುವವರೊಬ್ಬರು ಕಷ್ಟಪಟ್ಟು ಒಂದು ವರದಿ ಮುಗಿಸಿದ್ದರು. ಅದರ ಬಗ್ಗೆ ನಾನು 'ಕಾಂಪ್ಲೇಸೆಂಟ್' ಆಗಿದ್ದೇನೆ ಎಂದು ಮೇಲ್ ಬರೆದೆ. "ವರದಿ ನೀವು ಸರಿಯಾಗಿ ಓದಲೇ ಇಲ್ವಾ?" ಎಂದು ಅವರು ಕೇಳಿದರು.

ನಿಘಂಟು ತೆರೆದಾಗ ವಿಷಯ ತಿಳಿಯಿತು. ಎಲ್ಲಾ ಸರಿಯಿದೆ ಅಂತ ಮೈಮರೆತು, ಎದುರಿನ ತೊಂದರೆ ನೋಡದೆ ಕೂತವರಿಗೆ ಹೇಳುವ ಮಾತು ಅದು. ತೃಪ್ತಿ ಇದೆ, ಜೊತೆಗೆ ಆಕ್ಷೇಪಣೆಯೂ ಇದೆ. ಆ ಅರ್ಧವನ್ನೇ ಆ್ಯಪ್ ಬಿಟ್ಟಿತ್ತು. ಇನ್ನೊಂದು ಮಾತು: ನಾಲ್ಕರಲ್ಲಿ ಗುರುತು ಹಿಡಿದ ಪದ ಬರೆಯಲು ಕೂತಾಗ ನೆನಪಿಗೆ ಬರುವುದೇ ಇಲ್ಲ.

ಮೂಲಪದಗಳ ದಾರಿ ಖುಷಿ ಕೊಟ್ಟಿತು. 'ಬೆನೆ' ಅಂದರೆ ಒಳ್ಳೆಯದು ಅಂತ ಗೊತ್ತಾದರೆ 'ಬೆನೆವಲೆಂಟ್', 'ಬೆನಿಫ್ಯಾಕ್ಟರ್' ಎರಡೂ ಸಲೀಸು. ಆದರೆ 'ಇನ್' ಇದ್ದಲ್ಲೆಲ್ಲ 'ಇಲ್ಲ' ಎಂದುಕೊಂಡರೆ ಕೆಟ್ಟಿರಿ. 'ಇನ್‌ಫ್ಲೇಮಬಲ್' ಅಂದರೂ ಬೇಗ ಬೆಂಕಿ ಹತ್ತುವಂಥದ್ದೇ.

ಕಾರ್ಡ್‌ಗೆ ನಾನು ಆಂಕಿ ಬಳಸುತ್ತೇನೆ. 2006ರಿಂದ ಇರುವ ತಂತ್ರಾಂಶ, ಕಂಪ್ಯೂಟರ್‌ನಲ್ಲಿ ಉಚಿತ. ನೆನಪಿದ್ದ ಪದ ತಡವಾಗಿ ಮರಳುತ್ತದೆ, ಮರೆತದ್ದು ಬೇಗ ಬರುತ್ತದೆ. ಓದುವಾಗ ಸಿಕ್ಕ ಇಡೀ ವಾಕ್ಯ ಬರೆದು, ಪದದ ಜಾಗ ಖಾಲಿ ಬಿಡುತ್ತೇನೆ. ಹಿಂದೆ ಅರ್ಥ, ಜೊತೆಗೆ ಬರುವ ಪದಗಳು. ಅರ್ಥಕ್ಕೆ ಕಲಿಯುವವರಿಗೆಂದೇ ಮಾಡಿದ ನಿಘಂಟು ಬೇಕು. ಲಾಂಗ್‌ಮನ್‌ನದು ಸುಮಾರು 2000 ಸರಳ ಪದಗಳಲ್ಲೇ ಎಲ್ಲವನ್ನೂ ವಿವರಿಸುತ್ತದೆ. ಕಷ್ಟದ ಪದಕ್ಕೆ ಇನ್ನೊಂದು ಕಷ್ಟದ ಪದ ಹುಡುಕುವ ಗೋಳಿಲ್ಲ.

ಶ್ರಮ ಜಾಸ್ತಿ, ನಿಜ. ದಿನಕ್ಕೆ ಐದು ಪದ ದಾಟುವುದಿಲ್ಲ. ನಾಲ್ಕು ದಿನ ಬಿಟ್ಟರೆ ಕಾರ್ಡ್ ರಾಶಿ ಬೀಳುತ್ತದೆ.

ನಾನು ದಿನಾ ಅರ್ಧ ಗಂಟೆ ಓದುವವನು, ಮತ್ತೆ ಚಂದಾ ಕಟ್ಟಲು ಮನಸ್ಸು ಬಾರದವನು. ಅದಕ್ಕೇ ಇದು ಒಗ್ಗಿತು. ಮುಂದಿನ ತಿಂಗಳೇ ಬಹು ಆಯ್ಕೆ ಪರೀಕ್ಷೆ ಇದ್ದರೆ ಆ್ಯಪ್ ಸಾಕು. ಆದರೆ ಅಲ್ಲಿ ಕಲಿತ ಪದವನ್ನು ಯಾರಿಗಾದರೂ ಬರೆಯುವ ಮೊದಲು ನಿಘಂಟಿನಲ್ಲಿ ಅದರ ಎರಡು ವಾಕ್ಯ ಓದಿಕೊಳ್ಳಿ.