200 ಡಾಲರಿನ ವೆದರ್ ಸ್ಟೇಷನ್, 40 ಡಾಲರಿನ ಕೊಳವೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಪ್ಲಾಸ್ಟಿಕ್ ಮಳೆಮಾಪಕಕ್ಕೆ, ನಾನು ಕೊಳವೆ ಅಂತ ಕರೆಯುವುದಕ್ಕೆ. ನಾಲ್ಕು ಇಂಚು ಅಗಲದ ಸಿಲಿಂಡರು, ಒಳಗೊಂದು ಸಣ್ಣ ಕೊಳವೆ, ಮೇಲೊಂದು ಆಲಿಕೆ, ಅಷ್ಟೇ. 40 ಡಾಲರ್. ಇದನ್ನು ತರುವ ಮೊದಲು ಇದರ ಐದು ಪಟ್ಟು ಸುರಿದು ಹಿತ್ತಲಲ್ಲಿ ವೈರ್‌ಲೆಸ್ ವೆದರ್ ಸ್ಟೇಷನ್ ಒಂದನ್ನು ನಿಲ್ಲಿಸಿದ್ದೆ. ಎರಡು ಬೇಸಿಗೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದ್ದಾಯಿತು. ಜೊತೆಗೆ ಫೋನಿನಲ್ಲೊಂದು ರೇಡಾರ್ ಆ್ಯಪ್, ಮಂಚದ ಪಕ್ಕ ಹವಾಮಾನದ ಎಚ್ಚರಿಕೆ ಬಂದರೆ ಅರಚುವ ಒಂದು ವೆದರ್ ರೇಡಿಯೊ. ಮಳೆ ಹುಚ್ಚು ಯಾವ ಮಟ್ಟದ್ದು ಅಂತ ಇಷ್ಟರಲ್ಲೇ ಗೊತ್ತಾಗಿರಬೇಕು.

ನಾವಿರುವುದು ಇಲಿನಾಯ್ ರಾಜ್ಯದ ನಡುಮಧ್ಯೆ, ಬ್ಲೂಮಿಂಗ್ಟನ್‌ನಲ್ಲಿ. ಸುತ್ತ ಮೆಕ್ಕೆಜೋಳ, ಸೋಯಾ. ಕಣ್ಣು ಹಾಯುವಷ್ಟು ದೂರ ಹೇಳಿಕೊಳ್ಳುವಂಥ ಒಂದು ದಿಬ್ಬ ಇಲ್ಲ. ನಮ್ಮೂರು ಮೂಡಿಗೆರೆ ಕಡೆ ಮಳೆ ಬರುವುದು ಮೊದಲು ಕಿವಿಗೆ ತಿಳಿಯುತ್ತಿತ್ತು, ಆಚೆ ಗುಡ್ಡದ ಕಾಡಿನ ಮೇಲೆ ಭೋರ್ ಅಂತ ಸದ್ದೆದ್ದು ಐದು ನಿಮಿಷಕ್ಕೆ ಅಂಗಳಕ್ಕೆ. ಇಲ್ಲಿ ಕಣ್ಣಿಗೆ ತಿಳಿಯುತ್ತದೆ. ಜೂನ್ ಸಂಜೆ ಪಿಯೋರಿಯಾದ ದಿಕ್ಕಿನಲ್ಲಿ, ಕಮ್ಮಾರನ ಅಡಿಗಲ್ಲಿನಂಥ ಮೋಡ ಒಂದು ಗಂಟೆ ಮೊದಲೇ ಎದ್ದು ನಿಂತಿರುತ್ತದೆ. ಅಷ್ಟು ಹೊತ್ತೂ ಗ್ಯಾರೇಜ್ ಬಾಗಿಲು ಎತ್ತಿ, ಮಡಚುವ ಕುರ್ಚಿ ಹಾಕಿಕೊಂಡು ಕೂರುವುದು ನನ್ನ ಬೇಸಿಗೆಯ ಕಾಲಕ್ಷೇಪ.

ಕಾಫಿ ತೋಟದವರಿಗೆ ಮಳೆಯ ಲೆಕ್ಕ ಇಂಚು, ಸೆಂಟಿನಲ್ಲಿ. ಇಂಚಿನ ನೂರನೇ ಒಂದು ಭಾಗ ಒಂದು ಸೆಂಟು. ಅಪ್ಪ ಈಗಲೂ ಬೆಳಗಾದರೆ ತೋಟದ ಮಳೆ ಅಳೆದು ಡೈರಿಯಲ್ಲಿ ಬರೆಯುತ್ತಾರೆ. ಕಾಫಿ ಹೂ ಅರಳಿಸುವ ಹೂಮಳೆ ಇಪ್ಪತ್ತು ಸೆಂಟೋ ಎಂಬತ್ತು ಸೆಂಟೋ ಅನ್ನುವುದರ ಮೇಲೆ ಆ ವರ್ಷದ ಫಸಲು ನಿಂತಿರುವಾಗ ಬರೆಯದೆ ಏನು ಮಾಡುತ್ತಾರೆ! ದೇಶ ಮಿಲಿಮೀಟರಿಗೆ ಹೋಗಿ ಎಷ್ಟೋ ಕಾಲವಾಯಿತು, ತೋಟ ಹೋಗಿಲ್ಲ. ಅಮೆರಿಕವೂ ಹೋಗಿಲ್ಲ. ಹಾಗಾಗಿ ಫೋನಿನಲ್ಲಿ ನಮ್ಮಿಬ್ಬರ ಲೆಕ್ಕ ಸರಾಗ ಹೊಂದುತ್ತದೆ.

ಸ್ಟೇಷನ್ನಿನ ಮಾನ ಹೋದದ್ದೂ ಅಂಥ ಒಂದು ಫೋನಿನಲ್ಲೇ. ಜೂನ್ ಮೊದಲ ವಾರ. ಸಂಜೆ ಅಯೋವಾದಲ್ಲಿ ಹುಟ್ಟಿದ ಗುಡುಗು ಮಳೆ ಸಾಲುಕಟ್ಟಿ ಮಿಸಿಸಿಪ್ಪಿ ದಾಟಿ ರಾತ್ರಿ ಎರಡಕ್ಕೆ ನಮ್ಮ ತಲೆ ಮೇಲೆ. ಇಲ್ಲಿ ಇದು ಮಾಮೂಲು. ಕತ್ತಲಾದ ಮೇಲೆ ನೆಲದಿಂದ ಒಂದೆರಡು ಸಾವಿರ ಅಡಿ ಎತ್ತರದಲ್ಲಿ ತೆಂಕಣ ಗಾಳಿ ಜೋರಾಗಿ, ಮೆಕ್ಸಿಕೊ ಕೊಲ್ಲಿಯ ತೇವವನ್ನು ತಂದು ತಂದು ಸುರಿಯುತ್ತದೆ. ಮಳೆಗೆ ಅದೇ ಮೇವು. ಒಂದೂವರೆ ಗಂಟೆ ಹೊಯ್ದಿತು. ಬೆಳಿಗ್ಗೆ ನೋಡಿದರೆ ಮಗಳ ಆಟದ ಬಕೆಟ್ಟು ತುಂಬಿ ಚೆಲ್ಲಿದೆ, ಬೀದಿಯ ಚರಂಡಿ ಬಾಯಿಗೆ ಹುಲ್ಲು ಕಸ ಅಡರಿಕೊಂಡಿದೆ. ಅಡುಗೆಮನೆಯಲ್ಲಿಟ್ಟ ಸ್ಟೇಷನ್ನಿನ ಪರದೆಯಲ್ಲಿ ಮಾತ್ರ 0.31.

"ಎಷ್ಟಾಯ್ತು?" ಅಂದರು ಅಪ್ಪ.

"ಮೂವತ್ತೊಂದು ಸೆಂಟು."

"ಬೀದಿ ಹೊಳೆಯಾಗಿದೆ ಅಂತೀಯ. ಮೂವತ್ತೊಂದು ಸೆಂಟಿಗೆ ಗಿಡದ ಬುಡ ಸರಿಯಾಗಿ ಒದ್ದೆಯಾಗಲ್ಲ ಮಾರಾಯ. ಆ ಮೆಷೀನು ಬಿಚ್ಚಿ ನೋಡು."

ಬಿಚ್ಚಿದೆ. ಇದರ ಹೊಟ್ಟೆಯಲ್ಲಿರುವುದು ಮಕ್ಕಳ ಏತಪಾತದಂಥ ಒಂದು ಜೋಡಿ ಚಮಚ. ಆಲಿಕೆಯಿಂದ ಹನಿದ ನೀರು ಒಂದು ಚಮಚದಲ್ಲಿ ತುಂಬಿ, ಒಂದು ಸೆಂಟಿನಷ್ಟಾದ ಕೂಡಲೇ ಅದು ಮಗುಚಿ, ಇನ್ನೊಂದು ಮೇಲಕ್ಕೆ ಬರುತ್ತದೆ. ಮಗುಚಿದಾಗಲೆಲ್ಲ ಒಂದು ಅಯಸ್ಕಾಂತ ಸ್ವಿಚ್ಚಿನೆದುರು ಹಾದು ಲೆಕ್ಕ ಏರಿಸುತ್ತದೆ. ಜಾಣ ಕೆಲಸವೇ. ಆದರೆ ಆಲಿಕೆಯ ತೂತು ಪೆನ್ಸಿಲಿನಷ್ಟು ಸಣ್ಣದು, ಬೇಲಿಯಾಚೆ ಪಕ್ಕದ ಮನೆಯವರ ಸಿಲ್ವರ್ ಮೇಪಲ್ ಮರ. ಮೇ ತಿಂಗಳಲ್ಲಿ ಅದು ರೆಕ್ಕೆಬೀಜ ಉದುರಿಸುತ್ತದೆ, ಗಿರಗಿರ ತಿರುಗುತ್ತಾ ಸಾವಿರಗಟ್ಟಲೆ. ಎಣಿಸಿದೆ: ಹನ್ನೊಂದು ಬೀಜ ಆಲಿಕೆಯೊಳಗೆ ಜಗಿದುಗಿದ ಕವಳದ ಹಾಗೆ ಮುದ್ದೆಗಟ್ಟಿ ಕೂತಿದ್ದವು, ಮೇಲೆ ಹಕ್ಕಿ ಹಿಕ್ಕೆ, ಕೆಳಗೆ ಚಮಚಕ್ಕೂ ಗೋಡೆಗೂ ಜೇಡನ ನೂಲು. ರಾತ್ರಿಯ ಮಳೆ ಆಲಿಕೆ ತುಂಬಿ ಹೊರಗೆ ಹರಿದು ಹೋಗಿತ್ತು.

ಆಗ ಇನ್ನೊಂದು ಒಗಟೂ ಬಗೆಹರಿಯಿತು. ಹಿಂದಿನ ವಾರ ಬಿಸಿಲು ರಣಗುಟ್ಟುತ್ತಿರುವಾಗ ಪರದೆ 'ಮಳೆ ಬರುತ್ತಿದೆ' ಅನ್ನುತ್ತಿತ್ತು. ಕಟ್ಟಿಕೊಂಡ ಆಲಿಕೆಯಿಂದ ಹಿಂದಿನ ದಿನದ ನೀರು ತೊಟ್ಟು ತೊಟ್ಟಾಗಿ ಇಳಿಯುತ್ತಾ ಇದ್ದದ್ದು! ಕಂಪನಿಗೆ ಫೋನ್ ಮಾಡಿದರೆ ಮುಕ್ಕಾಲು ಗಂಟೆ ಸಂಗೀತ ಕೇಳಿಸಿ, ಕೊನೆಗೆ "ಆಗಾಗ ಸ್ವಚ್ಛ ಮಾಡಿ" ಅಂದರು. ಆಗಾಗ ಅಂದರೆ ಏಣಿ ತಂದು, ನಾಲ್ಕು ಸ್ಕ್ರೂ ಬಿಚ್ಚಿ, ಕಿವಿಗೆ ಹಾಕುವ ಬಡ್ಸ್‌ನಿಂದ ಚಮಚ ಒರೆಸುವುದು. ಮೇಲೊಂದು ಜಾಲರಿ ಕೂರಿಸಿದೆ. ಜೂನಿನಲ್ಲಿ ಕಾಟನ್‌ವುಡ್ ಮರದ ಹತ್ತಿ ಹಾರಿ ಬಂದು ಜಾಲರಿಯನ್ನೇ ಹೊಲಿದುಬಿಟ್ಟಿತು. ಇನ್ನು ಲಕಲಕ ತೊಳೆದಿಟ್ಟ ದಿನವೂ ಜಡಿಮಳೆಯಲ್ಲಿ ಇದರ ಲೆಕ್ಕ ಹಿಂದೆ ಬೀಳುತ್ತದೆ, ಚಮಚ ಮಗುಚುವ ಆ ಅರೆಕ್ಷಣ ಬಿದ್ದ ನೀರು ಲೆಕ್ಕ ತಪ್ಪಿ ಹೋಗುವುದರಿಂದ. ಒಮ್ಮೆ ಕೊಳವೆಯಲ್ಲಿ 2.37 ಇದ್ದಾಗ ಇದು 2.11 ಅಂದಿತು.

ಕೊಳವೆಯ ವಿಷಯದಲ್ಲಿ ಹೇಳಲು ಅಷ್ಟೊಂದು ಇಲ್ಲ, ಅದೇ ಅದರ ಗುಣ. ಒಳಗಿನ ಕೊಳವೆಯ ಬಾಯಿ ಹೊರಗಿನದರ ಹತ್ತನೇ ಒಂದು ಭಾಗ. ಹಾಗಾಗಿ ಒಂದು ಇಂಚು ಮಳೆ ಅದರಲ್ಲಿ ಹತ್ತು ಇಂಚು ಏರುತ್ತದೆ, ಒಂದೊಂದು ಸೆಂಟೂ ಕನ್ನಡಕ ಇಲ್ಲದೆ ಕಾಣುತ್ತದೆ. ಇಂಚು ಮೀರಿದ್ದು ಹೊರಗಿನ ಸಿಲಿಂಡರಿಗೆ ಉಕ್ಕುತ್ತದೆ. ಒಟ್ಟು 11 ಇಂಚು ಹಿಡಿಯುತ್ತದೆ. ಎರಡು ಮೇಪಲ್ ಬೀಜ ಬಿದ್ದರೆ ಬೆರಳಲ್ಲಿ ತೆಗೆದು ಬಿಸಾಡಿದರಾಯಿತು. ಉಕ್ಕಿದ್ದನ್ನು ಅಳೆಯುವ ಮೊದಲೇ ಚೆಲ್ಲಿ ಒಂದು ಸಲ ಹಣೆ ಬಡಿದುಕೊಂಡದ್ದಿದೆ. ಮಳೆ ಎಷ್ಟು ಹೊತ್ತಿಗೆ ಜೋರಾಯಿತು ಅಂತ ಇದು ಹೇಳುವುದಿಲ್ಲ. ವಾರ ಊರಲ್ಲಿಲ್ಲದಿದ್ದರೆ ಆ ವಾರದ ದಿನದಿನದ ಲೆಕ್ಕ ಕೈಬಿಟ್ಟ ಹಾಗೆ.

ಇದೇ ನಮೂನೆಯ ಮಾಪಕವನ್ನು ಇಟ್ಟುಕೊಂಡು ಬೆಳಿಗ್ಗೆ ಏಳಕ್ಕೆ ಅಳೆದು ಕಳಿಸುವ ಸ್ವಯಂಸೇವಕರ ಕೂಟವೇ ಇಲ್ಲುಂಟು, ಹೆಸರು ಕೋಕೋರಾಝ್. 1997ರ ಜುಲೈಯಲ್ಲಿ ಕೊಲರಾಡೋದ ಫೋರ್ಟ್ ಕಾಲಿನ್ಸ್‌ನಲ್ಲಿ ದಿಢೀರ್ ಪ್ರವಾಹ ಬಂದ ಮೇಲೆ, 1998ರಲ್ಲಿ ಶುರುವಾದದ್ದು. ಒಂದೇ ಊರಿನ ಒಂದು ಬೀದಿಗೂ ಇನ್ನೊಂದಕ್ಕೂ ಮಳೆ ಎಷ್ಟು ಬೇರೆ ಅನ್ನುವುದು ಅಂಥ ಅಳತೆಗಳಿಂದಲೇ ತಿಳಿಯುವುದು. ಆಲಿಕಲ್ಲು ಅಳೆಯಲು ಅವರದು ಅಲ್ಯೂಮಿನಿಯಂ ಹಾಳೆ ಸುತ್ತಿದ ಥರ್ಮೋಕೋಲ್ ತುಂಡು. ಬಿದ್ದ ಕಲ್ಲು ಕರಗಿದರೂ ಗುಳಿ ಉಳಿಯುತ್ತದೆ.

ಸ್ಟೇಷನ್ನಿಗೆ ಅನ್ಯಾಯ ಮಾಡಬಾರದು. ಮಳೆಗೆ ಮುಂಚೆ ತಣ್ಣನೆ ಗಾಳಿ ನುಗ್ಗುವಾಗ ಅದರ ಗ್ರಾಫ್ ನೋಡಬೇಕು, 93 ಡಿಗ್ರಿ ಫ್ಯಾರನ್‌ಹೀಟ್ ಇದ್ದದ್ದು ಹನ್ನೆರಡೇ ನಿಮಿಷದಲ್ಲಿ 71ಕ್ಕೆ ಬಾವಿಗೆ ಬಿದ್ದ ಹಾಗೆ. ಇದು ಕೊಳವೆಯಿಂದ ಆಗುವ ಕೆಲಸವಲ್ಲ. ಸೆಕೆಯ ಲೆಕ್ಕದಲ್ಲಿ ಮೊದಲು ತಪ್ಪಿದ್ದು ಮಾತ್ರ ನಾನೇ. ಪಡುವಣ ಬಿಸಿಲು ಬೀಳುವ ಇಟ್ಟಿಗೆ ಗೋಡೆಯ ಪಕ್ಕ, ಡೆಕ್ಕಿನ ಕಟಾಂಜನಕ್ಕೆ ಕಟ್ಟಿದ್ದೆ. ವಿಮಾನ ನಿಲ್ದಾಣದಲ್ಲಿ 94 ಇದ್ದರೆ ನಮ್ಮಲ್ಲಿ 103! ಹುಲ್ಲಿನ ಮೇಲೆ ಐದಡಿ ಎತ್ತರಕ್ಕೆ ಒಯ್ದ ಮೇಲೆ ಸರಿಹೋಯಿತು. ಅದರಲ್ಲಿ ನಾನು ನಂಬುವುದು ಡ್ಯೂ ಪಾಯಿಂಟನ್ನು, ಅಂದರೆ ಗಾಳಿಯ ತೇವ ಇಬ್ಬನಿಯಾಗತೊಡಗುವ ಉಷ್ಣತೆಯನ್ನು. ಅದು 76 ಮುಟ್ಟಿತೆಂದರೆ ಮೇ ತಿಂಗಳ ಮಂಗಳೂರು ನೆನಪಾಗುತ್ತದೆ, ಅಂಗಿ ಬೆನ್ನಿಗೆ ಅಂಟುತ್ತದೆ. ಈ ಸೆಕೆಗೆ ಇಲ್ಲಿನವರು ಜೋಳದ ಬೆವರನ್ನು, ಅಂದರೆ ಮೆಕ್ಕೆಜೋಳದ ಎಲೆ ಗಾಳಿಗೆ ಬಿಡುವ ತೇವವನ್ನು, ದೂರುತ್ತಾರೆ. ಜುಲೈಯಲ್ಲಿ ಅದು ನಿಜ. ಜೂನ್ ಮೊದಲಲ್ಲಿ ಜೋಳ ಮೊಣಕಾಲಿಗೂ ಬಂದಿರುವುದಿಲ್ಲ, ಆಗಿನದು ಪೂರ್ತಿ ಕೊಲ್ಲಿಯ ಸರಕು.

ರೇಡಾರ್‌ಗೆ ನಾನು ಇಟ್ಟುಕೊಂಡಿರುವುದು ರೇಡಾರ್‌ಸ್ಕೋಪ್. ಕೊಂಡಾಗ 10 ಡಾಲರ್. ಲಿಂಕನ್ ಪಟ್ಟಣದ ಸರ್ಕಾರಿ ರೇಡಾರ್ ನಮಗೆ ಸುಮಾರು 30 ಮೈಲಿ, ಅದರ ಕೆಳಗಿನ ಕಿರಣ ನಮ್ಮ ಮೇಲೆ ಹೆಚ್ಚುಕಡಿಮೆ ಎರಡು ಸಾವಿರ ಅಡಿಯಲ್ಲಿ ಹಾಯುತ್ತದೆ. ಈ ಆ್ಯಪ್ ಅದನ್ನು ನಯ ಮಾಡದೆ ಹಸಿಯಾಗಿ ತೋರಿಸುವುದರಿಂದ ಮಳೆಯ ಮುಂದೆ ಓಡುವ ಗಾಳಿ ಕೂದಲೆಳೆಯಂಥ ಕಮಾನಾಗಿ ಕಾಣುತ್ತದೆ. ಕಮಾನು ನಮ್ಮ ಬೀದಿ ಮುಟ್ಟುವುದಕ್ಕೂ ಎದುರುಮನೆಯ ಬಾವುಟ ದಿಕ್ಕು ತಿರುಗುವುದಕ್ಕೂ ಸರಿಹೋಗುತ್ತದೆ. ಫೋನಿನ ಜೊತೆ ಬಿಟ್ಟಿ ಬರುವ ಆ್ಯಪ್? ಕೊಡೆ ಒಯ್ಯಬೇಕೋ ಬೇಡವೋ ಅನ್ನುವಷ್ಟಕ್ಕೆ ಸಾಕು.

ವೆದರ್ ರೇಡಿಯೊ ಬೇಕೇ ಬೇಕು, ಇಷ್ಟವಿಲ್ಲ. 017113 ಅಂತ ನಮ್ಮ ಮೆಕ್ಲೇನ್ ಕೌಂಟಿಯ (ನಮ್ಮ ಕಡೆಯ ಜಿಲ್ಲೆ ಇದ್ದ ಹಾಗೆ) ಅಂಕಿ ಹಾಕಿಟ್ಟರೆ ಇಡೀ ಕೌಂಟಿಯ ಎಚ್ಚರಿಕೆಗೂ ಅರಚುತ್ತದೆ. ವಿಸ್ತಾರದಲ್ಲಿ ಇದು ಇಲಿನಾಯ್‌ಗೇ ದೊಡ್ಡ ಕೌಂಟಿ. ಆ ಮೂಲೆಯ ಶನೋವಾದಲ್ಲಿ ಗಾಳಿಯೆದ್ದರೆ ನಡುರಾತ್ರಿ ಮೂರಕ್ಕೆ ಇಲ್ಲಿ ನಾವು ಏಳಬೇಕು. ಹೆಂಡತಿ ಅದನ್ನು ಎರಡು ಸಲ ಬಟ್ಟೆ ಕಪಾಟಿಗೆ ಹಾಕಿದ್ದಾಳೆ, ಎರಡು ಸಲವೂ ನಾನು ತೆಗೆದಿದ್ದೇನೆ. ಟೊರ್ನೆಡೊ ಬರುವ ಸೀಮೆಯಲ್ಲಿ ಮಲಗಿದವರನ್ನು ಎಬ್ಬಿಸುವ ಕೆಲಸ ಫೋನೊಂದಕ್ಕೇ ಬಿಡಲು ನನಗೆ ಧೈರ್ಯವಿಲ್ಲ.

ಇವತ್ತು ಮತ್ತೆ ಮೊದಲಿಂದ ಕೊಳ್ಳುವುದಾದರೆ ಕೊಳವೆ, ಆ್ಯಪ್, ರೇಡಿಯೊ ಮೂರೂ ಸೇರಿ 90 ಡಾಲರಿನ ಒಳಗೆ ಮುಗಿಸಿ, ಉಳಿದದ್ದನ್ನು ಊರಿನ ಟಿಕೆಟ್ಟಿಗೆ ಎತ್ತಿಡುತ್ತೇನೆ. ಬೆಳಿಗ್ಗೆ ಏಳಕ್ಕೆ ಹೇಗೂ ಕಾಫಿ ಲೋಟ ಹಿಡಿದು ಹಿತ್ತಲಿಗೆ ಹೋಗುವವನು ನಾನು. ಏಳಲಾರದವರು, ವಾರಕ್ಕೆರಡು ದಿನ ಊರೂರು ತಿರುಗುವವರು, ಬೇಲಿಯಾಚೆ ಮರವಿಲ್ಲದವರು ಸ್ಟೇಷನ್ನನ್ನೇ ತನ್ನಿ, ಗ್ರಾಫ್ ಚೆನ್ನಾಗಿರುತ್ತದೆ.

ಈ ಬೆಳಿಗ್ಗೆ ಕೊಳವೆಯಲ್ಲಿ ಹದಿನಾಲ್ಕು ಸೆಂಟು. ಪರದೆಯಲ್ಲಿ ಒಂಬತ್ತು. ಏಣಿ ತರಬೇಕು.